ಬಂದ್ ಇದ್ದ ಗೋದಾಮು

ರಾಯಚೂರು, ತೀನ್ ಕಂದಿಲ್
ಶುಕ್ರವಾರ, ೨೪ ಏಪ್ರಿಲ್ ೨೦೨೬

ಪ್ರೀತಿಯ ಅಪ್ಪನಿಗೆ,

ಮೊಣಕಾಲು ಈಗ ಹೇಗಿದೆ? ನೀನು ಬೆಳಿಗ್ಗೆ ಎದ್ದು ದೇವದುರ್ಗದ ಬಸ್ ನಿಲ್ದಾಣದವರೆಗೆ ನಡೆದು ಹೋಗುತ್ತೀ, ಮಾನ್ವಿ ಬಸ್ಸು ಹೊರಡುವುದನ್ನು ನಿಂತು ನೋಡುತ್ತೀ, ಆಮೇಲೆ ಸುಮ್ಮನೆ ತಿರುಗಿ ಬರುತ್ತೀ ಎಂದು ಅಕ್ಕ ಹೇಳಿದಳು. ಈ ಬಿಸಿಲಿನಲ್ಲಿ ಅಷ್ಟು ನಡೆಯಬೇಡ. ಬಿ.ಪಿ. ಗುಳಿಗೆಯನ್ನು ಊಟದ ಮೊದಲು ನುಂಗಬೇಕೋ ಆಮೇಲೋ ಎಂದು ನೀನು ದಿನಾ ಜಗಳ ತೆಗೆಯುತ್ತೀಯಂತೆ. ಯಾವಾಗಾದರೂ ನುಂಗು, ಕಿಸೆಯಲ್ಲಿ ಮಾತ್ರ ಇಟ್ಟುಕೊಳ್ಳಬೇಡ. ಅಕ್ಕಾ, ಇದನ್ನು ಓದಿ ಹೇಳುವವಳು ನೀನೇ ಎಂದು ಗೊತ್ತು. ಒಂದು ಸಾಲನ್ನೂ ಬಿಡದೆ ಓದು. ನಡುವೆ ಅಪ್ಪ ಎದ್ದು ಹೊರಗೆ ಹೋದರೆ ಬಾಗಿಲಲ್ಲಿ ನಿಂತು ಗಟ್ಟಿಯಾಗಿ ಓದು, ಕೇಳಿಸುತ್ತದೆ. ಅವನು ದೂರ ಹೋಗುವುದಿಲ್ಲ.

ಫೋನು ಇರುವಾಗ ಪತ್ರ ಏಕೆ ಎಂದರೆ, ನನ್ನ ದನಿ ಕೇಳಿದ ಕೂಡಲೇ ನೀನು "ಹ್ಞೂಂ, ಅಕ್ಕಗ ಕೊಡ್ತೀನಿ" ಎಂದು ಕೈ ಬದಲಿಸುತ್ತೀ. ಹೀಗೇ ಒಂದು ವರ್ಷ ಕಳೆದಿದೆ. ನಮ್ಮ ಪ್ರೆಸ್ಸಿನ ಯಜಮಾನ ಜಹೀರ್ ಸಾಹೇಬರು ಜುಮ್ಮಾ ನಮಾಜಿಗೆ ಹೋಗಿದ್ದಾರೆ, ಪ್ರೆಸ್ಸಿನ ಯಂತ್ರ ನಿಂತಿದೆ, ಅದಕ್ಕೇ ಈಗ ಬರೆಯಲು ಕುಳಿತೆ. ಕುಳಿತೆ ಎನ್ನುವುದೂ ಸುಳ್ಳು. ನಾಲ್ಕು ಸಾಲು ಬರೆಯುತ್ತೇನೆ, ಎದ್ದು ಬಾಗಿಲಿಗೆ ಹೋಗುತ್ತೇನೆ, ಸರ್ಕಲ್ಲಿನ ಗದ್ದಲ ನೋಡುತ್ತೇನೆ, ಮತ್ತೆ ಬರುತ್ತೇನೆ. ಇದು ಮೂರನೆಯ ಹಾಳೆ, ಮೊದಲಿನ ಎರಡನ್ನೂ ಹರಿದೆ. ಹಾಳೆಯ ಹಿಂಬದಿಯಲ್ಲಿ ಅಚ್ಚಾಗಿರುವುದು ಒಂದು ಮದುವೆ ಕಾರ್ಡು. ಅಕ್ಕಾ, ಅದನ್ನು ಈಗಲೇ ತಿರುವಿ ನೋಡಬೇಡ, ನಾನು ಹೇಳಿದಾಗ ನೋಡು.

ಅಪ್ಪಾ, ಹೋದ ವರ್ಷದ ಮೇ ಒಂದನೇ ತಾರೀಖಿನ ಮಾತನ್ನೇ ಎತ್ತುತ್ತೇನೆ. ನೀನು ಎತ್ತುವುದಿಲ್ಲ, ನಾನೇ ಎತ್ತಬೇಕು. ಈ ಪ್ರೆಸ್ಸಿಗೆ ಸೇರಿದಾಗಿನಿಂದ ನಾನು ಓದಿದ್ದೆಲ್ಲ ಇಲ್ಲಿಯ ಕೆಟ್ಟ ಹಾಳೆಗಳಲ್ಲಿ ಎಂದು ನಿನಗೆ ಗೊತ್ತು. ಸಂಘದವರು, ಪಕ್ಷದವರು, ಮಠದವರು ಯಾರು ಕರಪತ್ರ ಹಾಕಿಸಿದರೂ, ಮಸಿ ಸರಿಯಾಗಿ ಬೀಳದ ಹಾಳೆಗಳೆಲ್ಲ ನನಗೆ. ಮೇ ದಿನದ ಕಥೆ ಸಿಕ್ಕಿದ್ದೂ ಹಾಗೆಯೇ, ಅರ್ಧ ಪುಟ ಮಸುಕಾಗಿದ್ದ ಒಂದು ಹಾಳೆಯಲ್ಲಿ. ಅಂದು ಮಧ್ಯಾಹ್ನ ನಾನು ಬುತ್ತಿ ಬಿಚ್ಚಲಿಲ್ಲ. ಆಮೇಲೆ ಹುಡುಕಿ ಹುಡುಕಿ ಓದಿ ನಾನೇ ಒಂದು ಕರಪತ್ರ ಬರೆದೆ, ಉಳಿದ ಗುಲಾಬಿ ಕಾಗದದ ಮೇಲೆ ಐನೂರು ಪ್ರತಿ ಅಚ್ಚು ಹಾಕಿದೆ. ಸಾವಿರದ ಎಂಟುನೂರ ಎಂಬತ್ತಾರರ ಮೇ ಒಂದರಂದು ಅಮೆರಿಕದ ಊರೂರುಗಳಲ್ಲಿ ಲಕ್ಷಗಟ್ಟಲೆ ಜನ ಕೆಲಸ ನಿಲ್ಲಿಸಿದರು, ಎಂಟು ತಾಸು ದುಡಿಮೆ, ಎಂಟು ತಾಸು ನಿದ್ದೆ, ಎಂಟು ತಾಸು ನಮ್ಮದು ಎಂದು ಕೇಳಿದರು. ಮೂರು ದಿನಗಳ ನಂತರ ಶಿಕಾಗೋದ ಸಂತೆ ಚೌಕದಲ್ಲಿ ಯಾರೋ ಬಾಂಬು ಎಸೆದರು. ಎಸೆದವನು ಯಾರೆಂದು ಇವತ್ತಿಗೂ ಗೊತ್ತಿಲ್ಲ, ಆದರೆ ಮುಂದಿನ ವರ್ಷ ನಾಲ್ಕು ಮಂದಿಯನ್ನು ಗಲ್ಲಿಗೆ ಹಾಕಿದರು. ಅವರ ನೆನಪಿಗೆ, ಅವರು ಕೇಳಿದ್ದರ ನೆನಪಿಗೆ, ಈ ದಿನ ದೇಶದಿಂದ ದೇಶಕ್ಕೆ ಹೋಯಿತು. ಮದ್ರಾಸಿಗೆ ಸಾವಿರದ ಒಂಬೈನೂರ ಇಪ್ಪತ್ತಮೂರರಲ್ಲಿ ಬಂತು. ಆಗ ನಮ್ಮ ರಾಯಚೂರು ನಿಜಾಮನ ಕೈಯಲ್ಲಿತ್ತು, ಇಲ್ಲಿಗೆ ಬರಲು ಇನ್ನೂ ಹೊತ್ತು ಹಿಡಿಯಿತು. ಇದನ್ನೆಲ್ಲ ನಾನು ಮಾನ್ವಿಯ ಹಮಾಲರ ಕಟ್ಟೆಗೆ ಬಂದು ನಿಂತು ಓದಿದೆ. ಭತ್ತದ ಸುಗ್ಗಿಯ ದಿನಗಳು, ಪೋತ್ನಾಳ ರಸ್ತೆಯ ತುಂಬ ಲಾರಿಗಳು. ಆದರೂ ಮೂರು ಗುಂಪಿನವರು ಮೇ ಒಂದಕ್ಕೆ ಚೀಲ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟರು. ನಿನ್ನ ಗುಂಪಿನ ಹನ್ನೆರಡು ಮಂದಿ ಮಾತ್ರ ಬೀಡಿ ಹಚ್ಚಿ ನೆಲ ನೋಡಿದರು. ನೀನು ಹೇಳಿದ್ದು ಒಂದೇ ಮಾತು: "ನೀ ಮೆರವಣಿಗಿ ಮಾಡಲೇ ಬೀರ್ಯಾ, ನಮ್ಮದು ಬ್ಯಾರೆ ಅದ." ಬೇರೆ ಏನು ಎಂದು ನಾನು ಕೇಳಲಿಲ್ಲ. ಹೆದರಿಕೆ ಎಂದುಕೊಂಡೆ.

ಆ ದಿನ ಎಂಟು ಗಂಟೆಗೆ ನಾವು ಬಾವುಟ ಹಿಡಿದು ಗೋದಾಮಿನ ಮುಂದೆ ಬಂದಾಗ ನೀವು ಲಾರಿ ಇಳಿಸುತ್ತಿದ್ದಿರಿ. ನೀನು ಹಲಗೆಯ ಮೇಲೆ, ಬೆನ್ನಿನ ಮೇಲೆ ಚೀಲ, ತಲೆಗೆ ಆ ಹಸಿರು ಟವೆಲು. ಇನ್ನೂರು ಜನರ ಮುಂದೆ ನಾನು ಏನು ಕೂಗಿದೆ ಎಂದು ನಿನಗೆ ನೆನಪಿದೆ. ನನಗೂ ಇದೆ. ಅದನ್ನು ಬರೆಯದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. "ಎತ್ತಿಗಾದರೂ ಸೋಮವಾರ ಅದ ಯಪ್ಪಾ, ನಿನಗ ವರ್ಷಕ್ಕ ಒಂದು ದಿನಾನೂ ಬ್ಯಾಡೇನು? ಎತ್ತಿಗಿಂತ ಕಡೀ ಆದಿ! ದ್ರೋಹಿ ಅದೀ ನೀ, ದ್ರೋಹಿ!" ಆ ಎತ್ತಿನ ಮಾತನ್ನು ನಾನು ಕಲಿತಿದ್ದು ನಿನ್ನಿಂದಲೇ. ಚಿಕ್ಕವನಿದ್ದಾಗ ಕವಿತಾಳದ ಅಜ್ಜಿಯ ಮನೆಯಲ್ಲಿ ಸೋಮವಾರ ನಾನು ಗಾಡಿ ಹೂಡು ಎಂದು ಹಟ ಹಿಡಿದರೆ ನೀನು ಎತ್ತಿನ ಹಣೆ ಸವರಿ, "ಇವತ್ತು ಇವರು ಬಸವಣ್ಣ, ನಾಳೆ ಎತ್ತು" ಎನ್ನುತ್ತಿದ್ದೆ. ನೀನು ಕೊಟ್ಟ ಮಾತನ್ನೇ ಕಲ್ಲು ಮಾಡಿ ನಿನಗೆ ಹೊಡೆದೆ. ನೀನು ಚೀಲ ಇಳಿಸಿದೆ. ಟವೆಲು ಬಿಚ್ಚಿ, ಕೊಡವಿ, ಮತ್ತೆ ಕಟ್ಟಿಕೊಂಡೆ. ಮುಂದಿನ ಚೀಲಕ್ಕೆ ಬೆನ್ನು ಕೊಟ್ಟೆ. ನನ್ನ ಹಿಂದಿದ್ದವರು ಚಪ್ಪಾಳೆ ಹೊಡೆದರು, ಅದು ನನಗೆ ಹಿತವೆನಿಸಿತು ಎನ್ನುವುದನ್ನೂ ಮುಚ್ಚಿಡುವುದಿಲ್ಲ. ಮೂರನೆಯ ದಿನ ನೀನು ಮನೆಗೆ ಬೀಗ ಹಾಕಿ, ಬೀಗದ ಕೈಯನ್ನು ನಿನ್ನ ಗುಂಪಿನ ಹುಲಿಗೇಶ ಕಾಕಾನ ಕೈಗೆ ಕೊಟ್ಟು, ಅಕ್ಕನ ಮನೆಗೆ ಹೋದೆ. ಕಟ್ಟೆಯ ಮೇಲೆ ಹುಟ್ಟಿದವನ ಹಾಗೆ ಮೂವತ್ತು ವರ್ಷ ಕುಳಿತವನು, ಈಗ ಅಳಿಯನ ಅಂಗಡಿಯಲ್ಲಿ ಸಕ್ಕರೆ ಪೊಟ್ಟಣ ಕಟ್ಟುತ್ತೀ.

ಮಗ ಬೈದ ಎಂದು ಸಿಟ್ಟು ಬಂದಿದೆ, ಇಳಿಯುತ್ತದೆ ಎಂದುಕೊಂಡಿದ್ದೆ. ನಾನು ಎಷ್ಟು ಪೆದ್ದ ಎಂದು ತಿಳಿದಿದ್ದು ಹೋದ ಶನಿವಾರ. ಮತೀನ್ ಪ್ರೆಸ್ಸಿಗೆ ಬಂದ. ನಿನ್ನ ಗುಂಪಿನಲ್ಲಿದ್ದ ಖಾಜಾಮಿಯಾ ಚಾಚಾನ ಮಗ, ಈಗ ಇಲ್ಲೇ ರಾಯಚೂರಿನಲ್ಲಿ ಮಾವನ ಹಣ್ಣಿನ ಅಂಗಡಿಯಲ್ಲಿದ್ದಾನೆ. ತಂಗಿ ಜಾಹೆದಾಳ ಮದುವೆ ಮೇ ಹದಿನೇಳಕ್ಕೆ, ಕಾರ್ಡು ಮಾಡಿಸಬೇಕು, ಒಂದು ಕಡೆ ಉರ್ದು, ಒಂದು ಕಡೆ ಕನ್ನಡ. ನಾನು ಕಂಪ್ಯೂಟರಿನಲ್ಲಿ ಹೆಸರು ಕೂರಿಸುತ್ತ ಹೋದೆ. ಕೊನೆಗೆ ಕರೆಯುವವರ ಹೆಸರು ಎಲ್ಲಿ ಎಂದೆ. ತಂದೆ ಇಲ್ಲದ ಮನೆ, ಮಾವನ ಹೆಸರು ಹೇಳುತ್ತಾನೆ ಎಂದುಕೊಂಡೆ. ಅವನು ಚೀಟಿ ತೆಗೆದು ಓದಿದ: "ಗದ್ದೆಪ್ಪ ಮೇಸ್ತ್ರಿ ಮತ್ತು ಗುಂಪಿನ ಹನ್ನೊಂದು ಮಂದಿ, ಮಾನ್ವಿ." ಅಕ್ಕಾ, ಈಗ ಹಾಳೆ ತಿರುವು. ಕೊನೆಯ ಸಾಲು. ಅಪ್ಪನ ಬೆರಳನ್ನು ಅದರ ಮೇಲೆ ಇಡು.

ನನ್ನ ಮುಖ ನೋಡಿ ಮತೀನ್ ನಕ್ಕ. "ಯಾಕ ಭಾಯ್, ನಿಮ್ಮಪ್ಪನ ಹೆಸರು ಬರೆಯಾಕ ಬರಂಗಿಲ್ಲೇನು?" ಎಂದ. ಆಮೇಲೆ ತಾನೇ ಹೇಳಿದ, ಪ್ರತಿ ಮೇ ಒಂದರ ಲಾರಿಯ ಕೂಲಿ ಅವರ ಮನೆಗೆ ಹೋಗುತ್ತದೆ ಎಂದು. ಮೇ ಒಂದೇ ಏಕೆ ಎಂದೆ. ಅವನ ನಗು ನಿಂತಿತು. "ಅಬ್ಬಾ ಸತ್ತ ದಿನ ನಿನಗ ಗೊತ್ತಿಲ್ಲಾ?" ಎಂದ. ಅಪ್ಪಾ, ನನಗೆ ಗೊತ್ತಿರಲಿಲ್ಲ. ಚಾಚಾ ಗೋದಾಮಿನಲ್ಲಿ ಒಟ್ಟಿದ್ದ ಚೀಲದ ನಿಟ್ಟು ಮೈಮೇಲೆ ಕುಸಿದು ಸತ್ತ ಎಂದಷ್ಟೇ ಗೊತ್ತಿತ್ತು. ಆಗ ನನಗೆ ಹದಿನಾಲ್ಕು, ಬೇಸಿಗೆ ರಜೆಗೆ ಕವಿತಾಳದ ಅಜ್ಜಿಯ ಮನೆಯಲ್ಲಿದ್ದೆ. ನಾನು ತಿರುಗಿ ಬಂದಾಗ ಅವನು ಚೀಲ ಎಳೆಯುತ್ತಿದ್ದ ಕೊಕ್ಕೆ ನಮ್ಮ ಮನೆಯ ಗೂಟಕ್ಕೆ ತೂಗಿತ್ತು, ನೀನು ಅದರ ಬಗ್ಗೆ ಮಾತಾಡಲಿಲ್ಲ, ನಾನು ಕೇಳಲಿಲ್ಲ. ಶಿಕಾಗೋದ ನಾಲ್ಕು ಹೆಸರುಗಳನ್ನು ಬಾಯಿಪಾಠ ಮಾಡಿದವನಿಗೆ, ಈದ್‌ನಲ್ಲಿ ತನ್ನ ಕೈಯಾರೆ ಶೀರ್ ಖುರ್ಮಾ ಕುಡಿಸಿದವನು ಸತ್ತ ತಾರೀಖು ಗೊತ್ತಿರಲಿಲ್ಲ.

ಮರುದಿನ ಭಾನುವಾರ, ಮೊದಲ ಬಸ್ಸಿಗೇ ಮಾನ್ವಿಗೆ ಹೋದೆ. ಕಲ್ಮಲದಲ್ಲಿ ಟೈರು ಪಂಕ್ಚರಾಗಿ ಅರ್ಧ ತಾಸು ನಿಂತರು, ನಾನು ಇಳಿದು ಮುಂದೆ ನಡೆಯತೊಡಗಿದೆ. ಕಂಡಕ್ಟರ್ ಕರೆದು ಬೈದು ಮತ್ತೆ ಹತ್ತಿಸಿಕೊಂಡ. ಹುಲಿಗೇಶ ಕಾಕಾನ ಮನೆಗೆ ಹೋಗಿ ಚಾಚಾ ಸತ್ತ ದಿನದ ಸಂಗತಿ ಕೇಳಿದೆ. "ನಿನಗ ಯಾಕಲೇ, ನೀ ಭಾಷಣ ಮಾಡಾವ" ಎಂದ. ಸಂಜೆಯವರೆಗೆ ಅವನ ಕಟ್ಟೆ ಬಿಟ್ಟು ಏಳಲಿಲ್ಲ ನಾನು. ಕೊನೆಗೆ ಹೇಳಿದ. ಹತ್ತು ವರ್ಷದ ಹಿಂದೆ, ಮೇ ಒಂದು, ಸುಗ್ಗಿ ಹೆಚ್ಚು ಎಂದು ನಿಮ್ಮನ್ನು ಕರೆಸಿಕೊಂಡಿದ್ದು ಗೋದಾಮಿನ ಮಾಲೀಕ. ಬುಡದ ಚೀಲಗಳು ನೆಂದಿದ್ದವು, ನಿಟ್ಟು ವಾಲಿದೆ ಎಂದು ನೀನು ಎರಡು ಸಲ ಹೇಳಿದ್ದೆ. ಚಾಚಾನನ್ನು ಹೊರಗೆ ಎಳೆದಿದ್ದೂ ನೀನು. ಮತ್ತೆ ಆ ಮಾಲೀಕ ಅಂದಿದ್ದು: "ಕ್ಯಾಲೆಂಡರ್ ನೋಡ್ರಿ, ಇವತ್ತು ಕಾರ್ಮಿಕರ ದಿನ. ನಮ್ಮ ಗೋದಾಮು ಬಂದ್ ಇತ್ತು. ಬಂದ್ ಇದ್ದ ಗೋದಾಮಿನ್ಯಾಗ ಯಾರರ ಹೆಂಗ ಸಾಯ್ತಾರ?"

ಈ ಮಾತು ಕೇಳಿದಾಗಿನಿಂದ ನನಗೆ ಕುಳಿತಲ್ಲಿ ಕೂರಲು ಆಗುತ್ತಿಲ್ಲ. ಜನ ಸತ್ತು ಪಡೆದ ರಜೆ ಅದು. ಅದೇ ರಜೆಯನ್ನು ಹೊದಿಸಿ ಒಬ್ಬನ ಸಾವನ್ನು ಮುಚ್ಚಿದರು. ಯಾವ ಕರಪತ್ರದಲ್ಲೂ ಇದು ಇಲ್ಲ. ಒಂದು ಮಾತು ಮಾತ್ರ ನೆನಪಾಯಿತು, ನನ್ನದೇ ಕರಪತ್ರದ ಕೊನೆಯಲ್ಲಿ ಚಿಕ್ಕ ಅಕ್ಷರದಲ್ಲಿ ಹಾಕಿದ್ದೆ: ಎಷ್ಟೋ ದೇಶಗಳಲ್ಲಿ ಮೇ ಒಂದು ರಜೆ, ಅದು ಹುಟ್ಟಿದ ಅಮೆರಿಕದಲ್ಲಿ ಮಾತ್ರ ರಜೆ ಇಲ್ಲ. ಅಲ್ಲಿ ದುಡಿಯುವವರ ದಿನ ಸೆಪ್ಟೆಂಬರಿನಲ್ಲಿದೆ. ಎಲ್ಲಿ ರಕ್ತ ಬಿತ್ತೋ ಅಲ್ಲಿಯೇ ತಾರೀಖು ಸರಿಸಿಬಿಟ್ಟರು. ಅದನ್ನು ಬರೆಯುವಾಗ ನಾನು ಏಳು ಸಮುದ್ರದ ಆಚೆಗೆ ಬೆರಳು ತೋರಿಸುತ್ತಿದ್ದೆ, ನಮ್ಮ ಪೋತ್ನಾಳ ರಸ್ತೆಯ ತಗಡಿನ ಗೇಟು ಕಣ್ಣಿಗೆ ಬಿದ್ದಿರಲಿಲ್ಲ.

ಉಳಿದದ್ದನ್ನೂ ಕಾಕಾ ಹೇಳಿದ, ಚಾಚಾನ ಹೆಂಡತಿ ರಂಜಾನಬಿ ಚಾಚಿಗೆ ಮಾತ್ರ ಹೇಳಬಾರದು ಎಂದು ಆಣೆ ಹಾಕಿಸಿಕೊಂಡೇ ಹೇಳಿದ. ಮಾಲೀಕ ಒಂದು ಕಾಗದ ತಂದ. ಆ ದಿನ ನಾವು ಯಾರೂ ಕೆಲಸಕ್ಕೆ ಹೋಗಿರಲಿಲ್ಲ, ಖಾಜಾಮಿಯಾ ತನ್ನ ಸ್ವಂತ ಕೆಲಸಕ್ಕೆ ಒಳಗೆ ಹೋಗಿದ್ದ ಎಂದು ಅದರಲ್ಲಿತ್ತು. ಅದಕ್ಕೆ ಹೆಬ್ಬೆಟ್ಟು ಒತ್ತದಿದ್ದರೆ ಹನ್ನೆರಡು ಮಂದಿಗೂ ಮಾನ್ವಿಯ ಯಾವ ಗೋದಾಮಿನಲ್ಲೂ ಚೀಲ ಸಿಗುವುದಿಲ್ಲ ಎಂದ. ಮೊದಲ ಹೆಬ್ಬೆಟ್ಟು ಮೇಸ್ತ್ರಿಯದು. ಅಪ್ಪಾ, ಅಕ್ಕನ ಬಾಯಿಂದ ಇದನ್ನು ಕೇಳಿಸಿಕೊಳ್ಳುವಾಗ ನಿನಗೆ ಹೇಗಾಗುತ್ತದೆ ಎಂದು ಗೊತ್ತು. ಅಕ್ಕಾ, ನಿಲ್ಲಿಸಬೇಡ. ಸಹಿ ಹಾಕುವುದನ್ನು ಕಲಿ ಎಂದು ನಾನು ಎಷ್ಟು ಸಲ ಗಂಟುಬಿದ್ದಿದ್ದೆ. ಆಗೆಲ್ಲ ನೀನು ಎಡಗೈ ಹೆಬ್ಬೆರಳನ್ನು ಪಂಚೆಗೆ ಉಜ್ಜಿಕೊಂಡು ಎದ್ದು ಹೋಗುತ್ತಿದ್ದೆ. ನಾನು ದ್ರೋಹಿ ಎಂದದ್ದು ಶುದ್ಧ ಸುಳ್ಳಾಗಿದ್ದರೆ ನೀನು ಹಲಗೆಯಿಂದ ಇಳಿದು ನನ್ನ ಕಪಾಳಕ್ಕೆ ಬಿಗಿಯುತ್ತಿದ್ದೆ, ಸಂಜೆ ಊಟಕ್ಕೆ ಕರೆಯುತ್ತಿದ್ದೆ. ಆ ಮಾತು ತಾನೇ ತಾನಾಗಿ ಹಳೆಯ ಗಾಯದ ಮೇಲೆ ಹೋಗಿ ಬಿತ್ತು. ಅದಕ್ಕೇ ನೀನು ಊರು ಬಿಟ್ಟೆ.

ಮುಂದಿನ ವರ್ಷದಿಂದ ನೀವು ಮಾಡಿದ್ದನ್ನೂ ಕಾಕಾ ಹೇಳಿದ. ಎಲ್ಲ ಕಡೆ ರಜೆ ಇರುವ ಆ ದಿನವೇ ಬೆಳಿಗ್ಗೆ ಆರೂವರೆಗೆ ಹನ್ನೆರಡು ಮಂದಿ ಗೇಟಿಗೆ ಹೋಗುವುದು. ದಿನಾ ಕೆಲಸಕ್ಕೆ ಮೊದಲು ಮೇಸ್ತ್ರಿ ಹೆಸರು ಕೂಗುವ ರೂಢಿಯಂತೆ ನೀನು ಕೂಗುವುದು, ಆದರೆ ಅಂದು ಮೊದಲ ಹೆಸರು ಖಾಜಾಮಿಯಾ. ಹನ್ನೆರಡು ಬಾಯಿಯೂ ಒಟ್ಟಿಗೆ "ಹಾಜರ್" ಎನ್ನುವುದು. ಗುಮಾಸ್ತ ತಲೆ ಎತ್ತುವುದಿಲ್ಲ, ಆದರೆ ಅವನ ಕಿವಿಗೆ ಬೀಳುತ್ತದೆ. ಮೇ ಒಂದಕ್ಕೆ ಈ ಗೋದಾಮು ಬಂದ್ ಇರಲಿಲ್ಲ, ಇರುವುದಿಲ್ಲ ಎಂದು ಅವನಿಗೆ ವರ್ಷಕ್ಕೊಮ್ಮೆ ಕೇಳಿಸಬೇಕು. ಲಾಕ್‌ಡೌನ್ ವರ್ಷ ಆ ದಿನ ಲಾರಿಯೇ ಬರಲಿಲ್ಲ, ಮುಖಕ್ಕೆ ಟವೆಲು ಕಟ್ಟಿಕೊಂಡು ದೂರ ದೂರ ನಿಂತು ಹೆಸರು ಕೂಗಿ ತಿರುಗಿ ಬಂದಿರಂತೆ. ಒಂಬತ್ತು ಸಲ ಕೂಗಿದ್ದೀ. ಹೋದ ವರ್ಷ ನಾನು ಒಂದೂವರೆ ತಾಸು ಮೊದಲು ಬಂದಿದ್ದರೆ ನನಗೂ ಕೇಳಿಸುತ್ತಿತ್ತು. ಆ ಹೊತ್ತಿಗೆ ನಾನು ಬಸ್ ನಿಲ್ದಾಣದಲ್ಲಿ ನನ್ನ ಭಾಷಣದ ಚೀಟಿ ಹುಡುಕುತ್ತಿದ್ದೆ.

ಅಪ್ಪಾ, ಕಾಲಿಗೆ ಬಿದ್ದು ಕ್ಷಮೆ ಕೇಳುತ್ತೇನೆ, ಆದರೆ ಸುಮ್ಮನಿರುವುದಿಲ್ಲ. ಹೆಬ್ಬೆಟ್ಟು ಒತ್ತಿದ್ದು ತಪ್ಪೇ. ಹನ್ನೆರಡು ಮನೆಯ ಒಲೆ ನಿನ್ನ ಬೆರಳಿನ ತುದಿಯಲ್ಲಿತ್ತು ಎಂದು ಗೊತ್ತು, ಆದರೂ ತಪ್ಪು. ನಿನ್ನ ಜಾಗದಲ್ಲಿ ನಾನಿದ್ದರೆ ಒತ್ತುತ್ತಿರಲಿಲ್ಲ ಎಂದು ಹೋದ ವರ್ಷ ಎದೆ ಬಡಿದು ಹೇಳುತ್ತಿದ್ದೆ. ಈಗ ಹೇಳಲು ಬಾಯಿ ಬರುತ್ತಿಲ್ಲ, ಅದೇ ನನಗೆ ಹೆಚ್ಚು ಸಂಕಟ. ಆದರೆ ಹೆಸರು ಕೂಗಿದರೆ ಅರ್ಧವಾಯಿತು. ಉಳಿದರ್ಧವನ್ನೂ ಅದೇ ಗೇಟಿನಲ್ಲಿ ನಿಂತು ಹೇಳಬೇಕು: ಆ ದಿನ ಗೋದಾಮು ತೆರೆದಿತ್ತು, ನಾವು ಹನ್ನೆರಡು ಮಂದಿ ಒಳಗಿದ್ದೆವು, ಅವನು ನಮ್ಮ ಜೊತೆ ಚೀಲ ಹೊರುತ್ತಿದ್ದ. ಇಷ್ಟು ವರ್ಷದ ಮೇಲೆ ಕಾಯ್ದೆ ಏನು ಹೇಳುತ್ತದೋ ಇಲ್ಲಿಯ ವಕೀಲರನ್ನು ಕೇಳುತ್ತೇನೆ. ಕಾಯ್ದೆ ಕೈ ಕೊಟ್ಟರೂ ಊರಿಗೆ ಗೊತ್ತಾಗಲಿ. ಹುಲಿಗೇಶ ಕಾಕಾ ಹೇಳಲು ತಯಾರಿದ್ದಾನೆ, ಎಲ್ಲರೂ ಇದ್ದಾರೆ, ಆದರೆ ಮೇಸ್ತ್ರಿ ಮೊದಲು ಹೇಳಬೇಕಂತೆ. ನಿನ್ನ ಬದಲು ಹೆಸರು ಕೂಗಲೂ ಕಾಕಾ ಒಲ್ಲೆ ಎನ್ನುತ್ತಾನೆ. "ಮೇಸ್ತ್ರಿ ಕೂಗಿದ್ರ ಹಾಜರ್ ಅಂತೀನಿ. ನಾ ಕೂಗಿದ್ರ ಖಾಜಾ ಬರಂಗಿಲ್ಲ" ಎಂದ. ನೀನು ಬರದಿದ್ದರೆ ಈ ಸಲ ಗೇಟಿನಲ್ಲಿ ಹೆಸರು ಕೂಗುವವರೇ ಇಲ್ಲ.

ನೀನು ಯಾಕೆ ಬರುವುದಿಲ್ಲ ಎಂದೂ ಕಾಕಾ ಹೇಳಿದ. ನನ್ನ ಮೇಲಿನ ಸಿಟ್ಟು ಎಂದೋ ಹೋಗಿದೆಯಂತೆ. ರಂಜಾನಬಿ ಚಾಚಿಗೆ ಹೆಬ್ಬೆಟ್ಟಿನ ಸಂಗತಿ ಗೊತ್ತಿಲ್ಲ, ಇನ್ನೂರು ಜನರ ಮುಂದೆ ಮಗನೇ ದ್ರೋಹಿ ಎಂದ ಮೇಲೆ ಆಕೆ ಯಾಕೆ ಎಂದು ಕೇಳೇ ಕೇಳುತ್ತಾಳೆ, ಆಗ ಆಕೆಯ ಮುಖ ಹೇಗೆ ನೋಡಲಿ ಎಂದೆಯಂತೆ. ಈ ಸಲ ನಾನು ಕರಪತ್ರ ಬರೆದಿಲ್ಲ. ಮೂರೂ ಗುಂಪಿನವರಿಗೆ ಹೇಳಿದ್ದೇನೆ, ಆರೂವರೆಗೆ ಬರ್ರಿ, ಬಾವುಟ ಸುತ್ತಿಟ್ಟು ಬರ್ರಿ, ಘೋಷಣೆ ಬೇಡ, ಮೇಸ್ತ್ರಿ ಕೂಗಿದ ಮೇಲೆ ಎಲ್ಲರೂ ಒಂದೇ ಮಾತು ಹೇಳೋಣ, ಆಮೇಲೆ ಗೋದಾಮು ನಿಜವಾಗಿಯೂ ಬಂದ್ ಆಗಲಿ ಎಂದು. ನೀನು ಬರುತ್ತೀ ಎಂದು ಯಾರಿಗೂ ಮಾತು ಕೊಟ್ಟಿಲ್ಲ.

ಜಹೀರ್ ಸಾಹೇಬರು ಬರುವ ಹೊತ್ತಾಯಿತು. ಅಕ್ಕನಿಗೆ, ಮಾವನಿಗೆ ನನ್ನ ನಮಸ್ಕಾರ ಹೇಳು. ಗುಳಿಗೆ ನುಂಗು. ನಿನ್ನ ಹಸಿರು ಟವೆಲು ಮಾನ್ವಿಯ ಮನೆಯಲ್ಲೇ ಇದೆ, ಒಗೆದು ಒಣಗಿಸಿ ಬಂದಿದ್ದೇನೆ. ಬಯ್ಯುವುದಿದ್ದರೆ ಫೋನಿನಲ್ಲಿ ಬಯ್ಯಿ, ಅಕ್ಕನ ಕೈಗೆ ಮಾತ್ರ ಕೊಡಬೇಡ.

ನಿನ್ನ ಮಗ,
ಬೀರೇಶ

ಮರೆತ ಮಾತಲ್ಲ, ಈಗ ತಾನೇ ನಡೆದದ್ದು: ಅಂಚೆಗೆ ಹಾಕಲು ಹೊರಟವನು ಲಕೋಟೆ ಹರಿದು ಬರೆಯುತ್ತಿದ್ದೇನೆ. ರಂಜಾನಬಿ ಚಾಚಿ ಕಾರ್ಡಿನ ಕರಡು ನೋಡಲು ಮತೀನ್ ಜೊತೆ ಬಂದಿದ್ದಳು. ನಾನು ಬಾಯಿ ಬಿಡಲಿಲ್ಲ, ಆಣೆ. ಆಕೆಯೇ ನಿನ್ನ ಹೆಸರಿನ ಮೇಲೆ ಕೈಯಾಡಿಸಿ ಹೇಳಿದಳು: "ಬೇಟಾ, ನಿಮ್ಮಪ್ಪ ಹೆಬ್ಬಟ್ಟು ಒತ್ತಿದ್ದು ನನಗ ಮೂರನೇ ದಿನಾನ ಗೊತ್ತಾತು. ಮಾಲಕ ಆ ಕಾಗದ ನನಗೂ ಓದಿ ತೋರಿಸಿದ್ದ. ಅಂವಗ ನಾ ಹೇಳಲಿಲ್ಲ. ಹೇಳಿದ್ರ ನಾಚಿಕಿಗೆ ಹೆಸರು ಕೂಗೋದು ಬಿಡ್ತಿದ್ದ. ನನಗ ಆ ಕೂಗು ಬೇಕಿತ್ತು. ಗೋಡಿ ಹಿಂದ ನಿಂತು ಒಂಬತ್ತು ಸಲ ಕೇಳೀನಿ. ಈ ಸಲ ಗೇಟಿನ ಮುಂದ ನಿಂದರ್ತೀನಿ, ಬಾ ಅನ್ನು." ದೇವದುರ್ಗದಿಂದ ಮೇ ಒಂದರ ಹಿಂದಿನ ದಿನ ಮಧ್ಯಾಹ್ನವೇ ಮಾನ್ವಿ ಬಸ್ಸಿಗೆ ಹೊರಡು, ಸಿರವಾರದಲ್ಲಿ ಬಸ್ಸು ನಿಲ್ಲುವ ಕಡೆ ನಾನು ನಿಂತಿರುತ್ತೇನೆ.